ನಾಲ್ವರು ಅನ್ವಿಗಳ ಸಾಲಿನಲ್ಲಿ ಒಬ್ಬಳು ತಿಪ್ಪಮ್ಮ

ಈ ವರ್ಷ ನನ್ನ ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅನ್ವಿ, ಜಾನ್ವಿ, ಧನ್ವಿ, ಶಾನ್ವಿ ನಾಲ್ವರೂ ಇದ್ದಾರೆ. ಗಂಡು ಮಕ್ಕಳ ಕಡೆ ವಿಹಾನ್, ರಿಹಾನ್, ಇಶಾನ್. ಒಬ್ಬಳ ಹೆಸರು ಕೂಗಿದರೆ ಇಬ್ಬರು ಮೂವರು ಒಟ್ಟಿಗೆ ‘ಎಸ್ ಮಿಸ್’ ಅನ್ನುತ್ತಾರೆ. ಇದು ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲ್ ಅಲ್ಲ, ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಅಪ್ಪಂದಿರು ಶೇಂಗಾ ಬೆಳೆಯುತ್ತಾರೆ, ಎಣ್ಣೆ ಮಿಲ್ಲಿಗೆ ಹೋಗುತ್ತಾರೆ, ಆಟೋ ಓಡಿಸುತ್ತಾರೆ. ಅಜ್ಜ ಅಜ್ಜಿಯರ ಹೆಸರು ಕೇಳಿದರೆ ಓಬಯ್ಯ, ಪಾಲಯ್ಯ, ಬೋರಮ್ಮ, ಮಾರಕ್ಕ. ನಡುವಿನ ತಲೆಮಾರಿನವರು ಮಂಜುಳಾ, ಕವಿತಾ, ಮಂಜುನಾಥ, ರವಿ. ಬೋರಮ್ಮನಿಂದ ಶಾನ್ವಿಗೆ ಬರೋಕೆ ಬೇಕಾಗಿದ್ದು ಎರಡೇ ತಲೆಮಾರು.

ಈ ಸಾಲಿನಲ್ಲಿ ಒಬ್ಬಳು ತಿಪ್ಪಮ್ಮ ಇದ್ದಾಳೆ.

ಶಾಲೆ ಶುರುವಾದ ಹೊಸದರಲ್ಲಿ ಅವಳ ಹೆಸರು ಕೂಗಿದಾಗ ಇಡೀ ಕ್ಲಾಸು ನಕ್ಕಿತು. ಅವಳು ತಲೆ ಎತ್ತಲಿಲ್ಲ. ಸ್ಲೇಟಿನ ಕಟ್ಟನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ನಕ್ಕವರಲ್ಲಿ ಒಬ್ಬನ ಸ್ವಂತ ಅಜ್ಜನ ಹೆಸರು ತಿಪ್ಪೇಸ್ವಾಮಿ ಅಂತ ನನಗೆ ಗೊತ್ತಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಹಿಂದೆ ಒಂದು ಕಲ್ಲು ಎಸೆದರೆ ತಿಪ್ಪೇಸ್ವಾಮಿಗೋ ತಿಪ್ಪಣ್ಣನಿಗೋ ತಗುಲಬೇಕು, ಅಷ್ಟು ಜನ ಇದ್ದರು. ಅಂಥ ಊರಿನಲ್ಲೇ ಈಗ ಅದು ವಿಚಿತ್ರ ಹೆಸರಾಗಿದೆ. ಶಾನ್ವಿ ಮಾಮೂಲಿ ಹೆಸರಾಗಿದೆ.

ಕೆಲವು ದಿನದಲ್ಲಿ ಅವಳ ತಾಯಿ ಬಂದರು. ಬಿಸಿಯೂಟದ ಹೊತ್ತು. ಬಾಗಿಲ ಹತ್ತಿರವೇ ನಿಂತು, ‘ಮಿಸ್, ಇಸ್ಕೂಲ್ನಾಗೆ ಇವಳ ಹೆಸರು ತನ್ವಿ ಅಂತ ಬರ್ಕಳ್ಳಾಕೆ ಆಗುತ್ತಾ?’ ಅಂತ ಕೇಳಿದರು. ಒಳಗೆ ಕರೆದು ಕೂರಿಸಿದೆ. ‘ನಮ್ಮತ್ತೆ ಹರಕೆ ಹೊತ್ತಿದ್ರು. ಇವಳಿಗಿಂತ ಮುಂಚೆ ಎರಡು ಕೂಸು ನಿಲ್ಲಲಿಲ್ಲ. ಇವಳು ಹುಟ್ಟಿದಾಗ ತಿಪ್ಪೆ ಮೇಲೆ ಮಲಗಿಸಿ ಎತ್ಕಂಡ್ರು. ನನಗೂ ಬೇಜಾರಿಲ್ಲ ಮಿಸ್, ಕೂಸು ಉಳೀತಲ್ಲ. ಆದ್ರೆ ಇವಳು ದಿನಾ ಅಳ್ತಾಳೆ.’

ಇದು ನಮ್ಮ ಕಡೆ ಬಹಳ ಹಳೆಯ ಪದ್ಧತಿ. ಹುಟ್ಟಿದ ಮಕ್ಕಳು ಕೈಗೆ ದಕ್ಕದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಬೇರೆಯವರ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದರು. ಇದು ಯಾರಿಗೂ ಬೇಡದ ಕೂಸು, ಸಾವಿಗೂ ಬೇಡ, ಕೆಟ್ಟ ಕಣ್ಣಿಗೂ ಬೇಡ ಅಂತ ತೋರಿಸೋದು ಅದರ ಉದ್ದೇಶ. ಹಾಗೆ ಉಳಿದವರು ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ, ತಿರುಕಪ್ಪ. ಹುಚ್ಚಪ್ಪ ಅಂತ ಇಟ್ಟವರೂ ಉಂಟು. ಚಂದದ ಹೆಸರಿಟ್ಟರೆ ದೃಷ್ಟಿ ಬೀಳುತ್ತದೆ ಅನ್ನುವ ಭಯ. ಒಂದು ವರ್ಷ ತುಂಬುವುದರೊಳಗೆ ಮಕ್ಕಳು ಸಾಯುವುದು ಮಾಮೂಲಾಗಿದ್ದ ಕಾಲದಲ್ಲಿ ಹೆತ್ತವರಿಗೆ ಕೈಯಲ್ಲಿದ್ದದ್ದು ಹೆಸರೊಂದೇ. ಅದನ್ನೇ ಅಡ್ಡ ಹಿಡಿದರು. ತಿಪ್ಪಮ್ಮ ಅನ್ನುವ ಹೆಸರಿನಲ್ಲಿ ಇರುವಷ್ಟು ಪ್ರೀತಿ, ದಿಗಿಲು ಎರಡೂ ನನಗೆ ಬೇರೆ ಯಾವ ಹೆಸರಿನಲ್ಲೂ ಕಂಡಿಲ್ಲ.

ತಾಯಿಯ ಮಾತನ್ನು ನಡೆಸಿಕೊಡೋಕೆ ಆಗಲಿಲ್ಲ. ಹಿಂದಿನ ಮೇಷ್ಟ್ರುಗಳಾಗಿದ್ದರೆ ಅಲ್ಲೇ ತಿದ್ದಿಬಿಡುತ್ತಿದ್ದರು. ನಮ್ಮ ದೊಡ್ಡಪ್ಪನ ಹೆಸರು ಮನೆಯಲ್ಲಿ ಬೋರಣ್ಣ, ದಾಖಲೆಯಲ್ಲಿ ಚಂದ್ರಶೇಖರ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಇಟ್ಟ ಹೆಸರು ಅದು. ಹುಟ್ಟಿದ ದಿನವನ್ನೂ ಮೇಷ್ಟ್ರೇ ಬರೆದರು, ಜೂನ್ 1. ಆ ತಲೆಮಾರಿನ ಯಾರ ದಾಖಲೆ ತೆಗೆದರೂ ಜೂನ್ 1 ಸಿಗುತ್ತದೆ, ಅಲ್ವಾ? ಈಗ ಜನನ ಪ್ರಮಾಣಪತ್ರ, ಆಧಾರ್, ನಾವು ಶಾಲೆಯಲ್ಲಿ ತುಂಬುವ ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ) ಮೂರರಲ್ಲೂ ಒಂದೇ ಹೆಸರು ಇರಬೇಕು. ‘ಮನೇಲಿ ತನ್ವಿ ಅಂತ ಕರೀರಿ, ಇಲ್ಲಿ ನಾನು ನೋಡ್ಕೋತೀನಿ’ ಅಂದೆ.

ಮಾರನೆಯ ದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಗೆ ಹೋಗಿ ಅಜ್ಜಿಯ ಹೆಸರು, ಅಜ್ಜಿಯ ಅಮ್ಮನ ಹೆಸರು ಕೇಳಿಕೊಂಡು ಬನ್ನಿ ಅಂದೆ. ಬಂದ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದೆ. ಸಣ್ಣಬೋರಮ್ಮ, ಗಾದ್ರಮ್ಮ, ಕಾಟಮ್ಮ, ತಿಪ್ಪಕ್ಕ, ಸಾಕಮ್ಮ, ಮತ್ತೆ ತಿಪ್ಪಮ್ಮ. ಶಾನ್ವಿಯ ಮುತ್ತಜ್ಜಿಯೂ ತಿಪ್ಪಮ್ಮ ಆಗಿದ್ದಳು. ಶಾನ್ವಿ ಎದ್ದು ಹೋಗಿ ನಮ್ಮ ತಿಪ್ಪಮ್ಮನ ಪಕ್ಕ ಕೂತು, ‘ನೀನು ನಮ್ಮಜ್ಜಿ’ ಅಂದಳು. ಆಮೇಲೆ ಇಡೀ ವಾರ ಅವಳನ್ನು ಅಜ್ಜಿ ಅಂತಲೇ ಕರೆದರು. ಅದಕ್ಕೆ ಅವಳೂ ನಕ್ಕಳು. ಎಲ್ಲರ ನಗುವೂ ನಿಂತಿದೆ ಅಂತ ನಾನು ಹೇಳುವುದಿಲ್ಲ. ದೊಡ್ಡ ತರಗತಿಯ ಹುಡುಗರು ಈಗಲೂ ಬಾವಿ ಹತ್ತಿರ ಕಾಡಿಸುತ್ತಾರೆ. ನಾನೂ ಬಿಡುವುದಿಲ್ಲ, ಹಿಡಿದು ಅವರವರ ಅಜ್ಜನ ಹೆಸರು ಕೇಳುತ್ತೇನೆ.

ಹೊಸ ಹೆಸರುಗಳ ಬಗ್ಗೆ ನನಗೆ ಯಾವ ಸಿಟ್ಟೂ ಇಲ್ಲ. ‘ಅರ್ಥವಿಲ್ಲದ ಹೆಸರು, ಇಂಟರ್‌ನೆಟ್ ನೋಡಿ ಇಟ್ಟಿದ್ದಾರೆ’ ಅಂತ ಸ್ಟಾಫ್ ರೂಮಿನಲ್ಲಿ ಮಾತು ಬರುತ್ತದೆ. ನನ್ನ ವಾರಗೆಯವರ ಹೆಸರು ಎಲ್ಲಿಂದ ಬಂದವು? ಸಿನಿಮಾದಿಂದ, ರೇಡಿಯೋದಿಂದ, ಕಥೆ ಪುಸ್ತಕದಿಂದ. ನಾನು ಕಾಲೇಜಿಗೆ ಹೋಗುವಾಗ ಕ್ಲಾಸಿನ ತುಂಬಾ ಕವಿತಾ, ಸವಿತಾ, ಸುನಿತಾ. ಇನಿಷಿಯಲ್ ಹಿಡಿದೇ ಕರೆಯಬೇಕಿತ್ತು. ಆಮೇಲೆ ಸಿಂಚನಾ, ಇಂಚರಾ ಬಂದವು. 2011ರಲ್ಲಿ ಐಶ್ವರ್ಯಾ ರೈ ಮಗಳು ಹುಟ್ಟಿ ಆರಾಧ್ಯ ಅಂತ ಹೆಸರಿಟ್ಟ ಮೇಲೆ ನಮ್ಮ ಶಾಲೆಗೂ ಆರಾಧ್ಯರು ಬಂದರು. ಈಗ ಅಂಗನವಾಡಿಗೆ ಹೋದರೆ ಪುನೀತ್, ಅಪ್ಪು ಸಿಗುತ್ತಾರೆ. 2021ರ ಅಕ್ಟೋಬರ್ 29 ಆದ ಮೇಲೆ ಹುಟ್ಟಿದ ಮಕ್ಕಳು ಅವರು. ಆ ಹೆಸರನ್ನು ಯಾಕೆ ಇಟ್ಟಿರಿ ಅಂತ ಯಾರನ್ನೂ ಕೇಳಬೇಕಾಗಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಅದೇ ಹೊತ್ತಿಗೆ ಯಾದಗಿರಿ ಜಿಲ್ಲೆಯ ವಡಗೇರಾದಲ್ಲಿ ಒಂದು ಮನೆಯವರು ತಮ್ಮ ಎರಡು ಕೂಸುಗಳಿಗೆ ಅದರ ಲ್ಯಾಂಡರ್, ರೋವರ್ ಹೆಸರನ್ನೇ ಹಿಡಿದು ವಿಕ್ರಮ್, ಪ್ರಜ್ಞಾನ್ ಅಂತ ಹೆಸರಿಟ್ಟಿದ್ದು ಪೇಪರಿನಲ್ಲಿ ಬಂತು. ನಮ್ಮವರು ಅದನ್ನು ಓದಿ ಸಂಭ್ರಮ ಪಟ್ಟರು. ಚಂದ್ರನ ಮೇಲಿನಂಥ ಗುಂಡಿ ತೋಡಿ ಇಸ್ರೋದವರು ಪರೀಕ್ಷೆ ಮಾಡಿದ್ದು ನಮ್ಮದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. ‘ಆ ಹೆಸರು ನಮ್ಮೂರಿಗೆ ಬರಬೇಕಿತ್ತು’ ಅಂದರು ನಮ್ಮ ಹೆಡ್‌ಮೇಷ್ಟ್ರು.

ನನಗೆ ಬೇಸರ ಬರುವುದು ಬೇರೆ ಕಡೆ. ಒಂದೇ ಬಗೆಯ ಹೆಸರಿಗೆ ನಾವು ಎರಡು ಬಗೆಯಲ್ಲಿ ನಡೆದುಕೊಳ್ಳುತ್ತೇವೆ.

2024ರ ಫೆಬ್ರವರಿಯಲ್ಲಿ ವಿರಾಟ್ ಕೊಹ್ಲಿ ಮಗನಿಗೆ ಅಕಾಯ್ ಅಂತ ಹೆಸರಿಟ್ಟಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಮೊಬೈಲ್ ತೆಗೆದು ಅರ್ಥ ಹುಡುಕಿದರು. ಯಶ್, ರಾಧಿಕಾ ಪಂಡಿತ್ ಮಕ್ಕಳಿಗೆ ಐರಾ, ಯಥರ್ವ್ ಅಂತ ಇಟ್ಟಾಗಲೂ ಹಾಗೇ. ಹೊಸ ಹೆಸರು, ಚೆನ್ನಾಗಿದೆ ಅಂದರು. ಅದೇ ಜನ ಹಕ್ಕಿಪಿಕ್ಕಿ ಮಕ್ಕಳ ಹೆಸರಿನ ವೀಡಿಯೋ ವಾಟ್ಸಾಪ್‌ನಲ್ಲಿ ಬಂದಾಗ ಹೊಟ್ಟೆ ಹಿಡಿದು ನಕ್ಕರು.

ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿಗಳ ಹೆಸರುಗಳನ್ನು ನೀವೂ ಕೇಳಿರುತ್ತೀರಿ. ಗೂಗಲ್, ಕಾಫಿ, ಬ್ರಿಟಿಷ್, ಮೈಸೂರ್‌ಪಾಕ್, ಸುಪ್ರೀಂ ಕೋರ್ಟ್, ಹೈಕೋರ್ಟ್. ಟಿವಿಯವರು ಎಷ್ಟೋ ಸಲ ಹೋಗಿ ಬಂದಿದ್ದಾರೆ. ಮಗುವಿನ ಮುಂದೆ ಮೈಕ್ ಹಿಡಿದು ‘ನಿನ್ನ ಹೆಸರೇನು?’ ಅಂತ ಕೇಳೋದು, ಅದು ಹೇಳಿದ ತಕ್ಷಣ ನಗೋದು. ಕಾಡಿನಲ್ಲಿ ಹಕ್ಕಿ ಹಿಡಿದು ಬದುಕಿದವರು ಅವರು. ಬೇಟೆ ನಿಂತ ಮೇಲೆ ಊರಿನ ಅಂಚಿಗೆ ಬಂದು ನೆಲೆಸಿದರು. ಊರಿನಲ್ಲಿ ಕಂಡದ್ದು, ಕೇಳಿದ್ದು, ರುಚಿ ಹತ್ತಿದ್ದು, ದೊಡ್ಡದು ಅನ್ನಿಸಿದ್ದು ಮಕ್ಕಳಿಗೆ ಹೆಸರಾಯಿತು. ಎಲ್ಲರೂ ತಲೆಬಾಗುವ ಜಾಗ ಸುಪ್ರೀಂ ಕೋರ್ಟ್ ಅಂತ ಕೇಳಿದ ಅಪ್ಪ ಮಗನಿಗೆ ಆ ಹೆಸರಿಟ್ಟರೆ ಅದರಲ್ಲಿ ನಗುವಂಥದ್ದು ಏನಿದೆ? ನಾವು ಮಗನಿಗೆ ರಾಜೇಂದ್ರ ಅಂತ ಇಡುವಾಗ ಇದ್ದ ಆಸೆಯೇ ಅದು.

ಇದೇ ಜನ ಕೂದಲೆಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾದ ದೇಶ ದೇಶ ತಿರುಗಿ ವ್ಯಾಪಾರ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡದವರಲ್ಲಿ ಹಲವರು ಹಕ್ಕಿಪಿಕ್ಕಿಗಳು. ಅಷ್ಟು ದೂರ ಪಾಸ್‌ಪೋರ್ಟ್ ಹಿಡಿದು ಹೋಗಿಬರುವವರ ಧೈರ್ಯದ ಬಗ್ಗೆ ನಾವು ಯಾರೂ ವೀಡಿಯೋ ಹಂಚಿಕೊಳ್ಳಲಿಲ್ಲ. ಹೆಸರಿನ ವೀಡಿಯೋ ಮಾತ್ರ ಹಂಚಿಕೊಂಡೆವು. ನಮ್ಮ ಗ್ರೂಪಿನಲ್ಲಿ ಅದು ಬಂದಾಗ, ‘ಈ ಮಗು ನಾಳೆ ನಮ್ಮ ಶಾಲೆಗೆ ವರ್ಗವಾಗಿ ಬಂದರೆ ಹಾಜರಿ ಹೇಗೆ ಕೂಗ್ತೀರಿ?’ ಅಂತ ಬರೆದೆ. ಯಾರೂ ಉತ್ತರ ಕೊಡಲಿಲ್ಲ. ಇರಲಿ. ಕೂಗುವ ಕೆಲಸ ನಮ್ಮದು, ಯೋಚನೆ ಮಾಡಬೇಕಾದವರೂ ನಾವೇ.

ದೀಪಿಕಾ ಪಡುಕೋಣೆ ಮಗಳಿಗೆ ದುವಾ ಅಂತ ಹೆಸರಿಟ್ಟಿದ್ದನ್ನು 2024ರ ನವೆಂಬರ್‌ನಲ್ಲಿ ಹೇಳಿದರು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಹುಡುಗಿ ಅಂತ ಹೆಮ್ಮೆ ಪಡುವವರೇ ಆ ಹೆಸರು ಯಾವ ಭಾಷೆಯದು, ಯಾವ ಧರ್ಮದ್ದು ಅಂತ ಜಗಳ ತೆಗೆದರು. ಇನ್ನೂ ಕಣ್ಣು ಸರಿಯಾಗಿ ಬಿಡದ ಕೂಸಿನ ಮೇಲೆ ಅಷ್ಟು ಸಿಟ್ಟು! ಅದನ್ನು ಓದಿದ ದಿನ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಸಂತೋಷದ ಉದಾಹರಣೆಯೂ ಇದೆ. ನ್ಯೂಜಿಲೆಂಡ್ ಕ್ರಿಕೆಟಿಗ ರಚಿನ್ ರವೀಂದ್ರ. ತಂದೆ ತಾಯಿ ಬೆಂಗಳೂರಿನವರು, ಹುಡುಗ ಹುಟ್ಟಿದ್ದು 1999ರಲ್ಲಿ ವೆಲ್ಲಿಂಗ್ಟನ್‌ನಲ್ಲಿ. ರಾಹುಲ್ ದ್ರಾವಿಡ್‌ನ ‘ರ’, ಸಚಿನ್‌ನ ‘ಚಿನ್’ ಸೇರಿಸಿ ಇಟ್ಟ ಹೆಸರು ಅಂತ ಊರೆಲ್ಲ ಮಾತಾಡಿತು. ಅವನ ತಂದೆ ಹೇಳಿದ್ದೇ ಬೇರೆ. ಹೆಂಡತಿ ಸೂಚಿಸಿದ ಹೆಸರು, ಕೇಳೋಕೆ ಚೆನ್ನಾಗಿತ್ತು, ಚಿಕ್ಕದಾಗಿತ್ತು, ಅದಕ್ಕೆ ಒಪ್ಪಿದೆವು, ಎರಡು ಹೆಸರು ಸೇರಿದಂತಿದೆ ಅಂತ ಗಮನಕ್ಕೆ ಬಂದಿದ್ದು ವರ್ಷಗಳ ಮೇಲೆ ಅಂದರು. 2023ರ ವಿಶ್ವಕಪ್‌ನಲ್ಲಿ ಅವನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಮೇಲೆ ಶತಕ ಹೊಡೆದ. ಅಷ್ಟು ಜನ ‘ರಚಿನ್, ರಚಿನ್’ ಅಂತ ಕೂಗಿದರು. ಎಲ್ಲರ ಬಾಯಲ್ಲಿ ಬಂದ ಮೇಲೆ ಯಾವ ಹೆಸರೂ ವಿಚಿತ್ರ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲೂ ಒಂದು ಹೊಸ ಹೆಸರಿದೆ. ತಮ್ಮನ ಮಗಳು ಮಖಾ ನಕ್ಷತ್ರದ ಮೂರನೇ ಪಾದದಲ್ಲಿ ಹುಟ್ಟಿದಳು. ‘ಮು’ ಅಕ್ಷರ ಬಂತು. ನೆಂಟರ ಫೋನು ಶುರುವಾಯಿತು. ಮುಕ್ತಾ ಅಂದರು, ಮುದ್ದಮ್ಮ ಅಂದರು, ಮುನಿಯಮ್ಮ ಅಂದರು ಒಬ್ಬರು. ತಮ್ಮ, ನಾದಿನಿ ಇಬ್ಬರೂ ಸುಮ್ನೆ ಕೇಳಿಸಿಕೊಂಡರು. ತೊಟ್ಟಿಲಿಗೆ ಹಾಕುವ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆದದ್ದು ‘ಮುಗಿಲು’. ಸೋದರತ್ತೆ ನಾನು, ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಹೇಳಿ ತಲೆ ಎತ್ತಿದರೆ ಮನೆ ತುಂಬಾ ಮೌನ.

ಮೊದಲು ಮಾತಾಡಿದ್ದು ಅಜ್ಜಿ. ‘ಮುಗಿಲಾ? ಮಳೆ ಬರ್ತೈತೋ ಇಲ್ಲವೋ ಅಂತ ದಿನಾ ನೋಡ್ತೀವಲ್ಲ, ಆ ಮುಗಿಲಾ?’ ಹೌದಜ್ಜಿ ಅಂದ ತಮ್ಮ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅಜ್ಜಿ ತಲೆ ಆಡಿಸುತ್ತಾ, ‘ಹಂಗಾದ್ರೆ ಇವಳ ಮುಖ ನೋಡಾದ್ರೂ ಬರ್ಲಿ’ ಅಂದಳು. ಒಬ್ಬ ಚಿಕ್ಕಪ್ಪನಿಗೆ ಮಾತ್ರ ಸಮಾಧಾನ ಆಗಲಿಲ್ಲ. ‘ಶಾಲೇಲಿ ಮುಗೀತು ಮುಗೀತು ಅಂತ ಕಾಡಿಸ್ತಾರೆ, ದೊಡ್ಡವಳಾದ ಮೇಲೆ ನಿಮ್ಮನ್ನೇ ಬೈತಾಳೆ’ ಅಂದರು. ಕಾಡಿಸುವವರು ಲಕ್ಷ್ಮಿ ಅಂತ ಇದ್ದರೂ ಕಾಡಿಸುತ್ತಾರೆ. ನಾದಿನಿ ಆ ಹೊತ್ತಿನಲ್ಲಿ ಏನೂ ಹೇಳಲಿಲ್ಲ. ಬಾಣಂತಿ, ಅಷ್ಟು ಜನರ ಮುಂದೆ ಮಾತಾಡೋಕೆ ಆಗಲ್ಲ. ರಾತ್ರಿ ಅಡುಗೆಮನೆಯಲ್ಲಿ ನನ್ನ ಹತ್ತಿರ, ‘ಅಕ್ಕಾ, ಹೆಸರು ಚೆನ್ನಾಗಿಲ್ವಾ?’ ಅಂತ ಕೇಳಿದಳು. ಕಣ್ಣಲ್ಲಿ ನೀರಿತ್ತು. ಒಂಬತ್ತು ತಿಂಗಳು ಹೊತ್ತವಳು ಆರಿಸಿದ ಹೆಸರಿಗೆ ಊಟಕ್ಕೆ ಬಂದವರು ಮಾರ್ಕ್ಸ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹೆಸರು ಇಡುವ ಮೊದಲು ಕೇಳಿದರೆ ಮನಸ್ಸಿನಲ್ಲಿದ್ದದ್ದು ಹೇಳಿ. ಇಟ್ಟ ಮೇಲೆ ಆ ಹೆಸರಿನಿಂದ ಕರೆಯಿರಿ. ಈಗ ಅಜ್ಜಿ ಅವಳನ್ನು ‘ಮುಗ್ಲೀ’ ಅಂತ ಕರೆಯುತ್ತಾಳೆ. ಮಳೆ ಬಂದ ದಿನ ಅವಳಿಗೇ ಒಂದು ಮುತ್ತು ಜಾಸ್ತಿ.

ಹೆತ್ತವರಿಗೆ ನಾನು ಹೇಳುವ ಮಾತು ಬೇರೆ. ಯಾವ ಹೆಸರಾದರೂ ಇಡಿ, ಅದನ್ನು ಕನ್ನಡದಲ್ಲಿ ಸರಿಯಾಗಿ ಬರೆಸಿ. ನಮ್ಮ ಕಡೆ ‘ತ’ ಬರೆಯೋಕೆ ಇಂಗ್ಲಿಷಿನಲ್ಲಿ ಟಿ, ಎಚ್ ಎರಡೂ ಹಾಕುತ್ತೇವೆ. ಕಂಪ್ಯೂಟರ್ ಅದನ್ನು ‘ಥ’ ಮಾಡುತ್ತದೆ. ತನ್ವಿ ಹೋಗಿ ಥನ್ವಿ, ಲಿಖಿತ್ ಹೋಗಿ ಲಿಖಿಥ್ ಆಗಿ ಆಧಾರ್ ಕಾರ್ಡಿನಲ್ಲಿ ಕೂರುತ್ತದೆ. ಧನ್ವಿಯ ಕಾರ್ಡಿನಲ್ಲಿ ‘ದನ್ವಿ’ ಅಂತಿದೆ. ಹಳೆಯ ಹೆಸರುಗಳಿಗೆ ಈ ತೊಂದರೆ ಕಡಿಮೆ, ಬರೆಯುವವರ ಕೈಗೆ ರೂಢಿ ಇರುತ್ತದೆ. ಹೊಸ ಹೆಸರು ಬರೆಯುವವರಿಗೂ ಹೊಸದು. ಕೇಳಿದ ಹಾಗೆ ಬರೆಯುತ್ತಾರೆ. ಮೇಲಾಗಿ ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಎರಡು ಎ, ಒಂದು ಎಚ್ ಜಾಸ್ತಿ ಸೇರಿಸಿದರೆ ಮುಗೀತು. ಮಗು ತನ್ನ ಹೆಸರನ್ನು ಒಂದು ರೀತಿ ಕಲಿಯುತ್ತದೆ, ಕಾರ್ಡು ಇನ್ನೊಂದು ರೀತಿ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ತಿದ್ದಿಸೋಕೆ ಕೂಲಿ ಬಿಟ್ಟು ಅಲೆಯುವವರು ಅಪ್ಪ ಅಮ್ಮ.

ಅವಸರವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹಾಗಂತ ಮರೆತು ಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಮುಂದಿನ ಹಲವು ಕೆಲಸಗಳಲ್ಲಿ ಹುಟ್ಟಿದ ದಿನ, ಜಾಗ ತೋರಿಸೋಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಏನಿದೆಯೋ ಅದೇ ಹೆಸರು.

ಮೊನ್ನೆ ಪಕ್ಕದ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ. ಉತ್ತರಾಭಾದ್ರ, ನಾಲ್ಕನೇ ಪಾದ. ಪಂಚಾಂಗದಲ್ಲಿ ಇರುವ ಅಕ್ಷರ ‘ಞ’. ಆ ಅಕ್ಷರದಿಂದ ಹೆಸರು ಹುಡುಕಿ ಹುಡುಕಿ ಸಾಕಾಗಿ, ಅದೇ ನಕ್ಷತ್ರದ ‘ದು’ ಹಿಡಿದು ದುರುಗಮ್ಮ ಅಂತ ಇಡಿ ಅನ್ನುತ್ತಿದ್ದಾರೆ ಅವರ ಅಜ್ಜಿ. ತಾಯಿಗೆ ಜ್ಞಾನವಿ ಇಷ್ಟ. ತಂದೆ ಇನ್ನೂ ಮೊಬೈಲ್ ನೋಡುತ್ತಿದ್ದಾರೆ. ನನ್ನನ್ನೂ ಕೇಳಿದರು. ಎರಡೂ ಚೆನ್ನಾಗಿವೆ ಅಂದೆ. ದುರುಗಮ್ಮ ಆದರೆ ನನ್ನ ಕ್ಲಾಸಿಗೆ ಬಂದಾಗ ತಿಪ್ಪಮ್ಮನಿಗೆ ಒಬ್ಬಳು ತಂಗಿ ಸಿಗುತ್ತಾಳೆ ಅಂದೆ. ಜ್ಞಾನವಿ ಆದರೆ ‘ಜ್ಞ’ ಸರಿಯಾಗಿ ಬಿದ್ದಿದೆಯಾ ಅಂತ ನೋಡೋಕೆ ಅರ್ಜಿ ಕೊಡುವ ಮೊದಲು ನನಗೆ ಒಮ್ಮೆ ತೋರಿಸಿ ಅಂತಲೂ ಹೇಳಿದ್ದೇನೆ.